ಎರಡು ಮೈಕ್ರೊಸೆಕೆಂಡಿನ ಆಯುಷ್ಯ, ಹದಿನೈದು ಕಿಲೋಮೀಟರಿನ ದಾರಿ

ಉಪನ್ಯಾಸವೊಂದರಲ್ಲಿ ಮಾತು ಆರಂಭಿಸುವ ಮೊದಲು, ಸಭೆಯಲ್ಲಿದ್ದವರೆಲ್ಲರೂ ಬಲಗೈ ಮುಂದೆ ಚಾಚಿ, ಅಂಗೈಯನ್ನು ಮೇಲ್ಮುಖವಾಗಿ ಹಿಡಿದು, ಒಂದು ನಿಮಿಷ ಸುಮ್ಮನೆ ಕೂರಬೇಕೆಂದು ಕೇಳಿಕೊಂಡಿದ್ದೆ. ಓದುತ್ತಿರುವ ನೀವೂ ಹಾಗೆ ಮಾಡಬಹುದು. ಕೈಗೆ ಏನೂ ತಾಗಿದಂತೆ ಅನ್ನಿಸುವುದಿಲ್ಲ, ಬಿಸಿಯಾಗುವುದಿಲ್ಲ, ಚುಚ್ಚಿದಂತಾಗುವುದಿಲ್ಲ. ಆದರೂ ಆ ಒಂದು ನಿಮಿಷದಲ್ಲಿ ಮ್ಯುಯಾನ್ ಎಂಬ ಸುಮಾರು ನೂರು ಸೂಕ್ಷ್ಮ ಕಣಗಳು ತಾರಸಿಯನ್ನು ತೂರಿ, ಅಂಗೈಯ ಮೂಲಕ ಹಾದು, ನೆಲದೊಳಗೆ ಇಳಿದು ಹೋಗಿರುತ್ತವೆ. ಆಧುನಿಕ ಭೌತಶಾಸ್ತ್ರವು ಕಟ್ಟುಕಥೆಗಿಂತ ವಿಚಿತ್ರವಾಗಿ ತೋರುತ್ತದೆ ಎಂಬ ಮಾತನ್ನು ವಿವರಿಸಲು ಕಪ್ಪುಕುಳಿ, ಸಮಾನಾಂತರ ವಿಶ್ವ ಮುಂತಾದ ದೂರದ ಸಂಗತಿಗಳನ್ನೇ ತರಬೇಕಾಗಿಲ್ಲ. ಅಂಗೈಯನ್ನು ದಾಟಿಹೋದ ಈ ಕಣಗಳೇ ಸಾಕು. ಏಕೆಂದರೆ ನಮ್ಮ ಸಾಮಾನ್ಯ ಲೆಕ್ಕದ ಪ್ರಕಾರ ಅವು ಇಲ್ಲಿಯವರೆಗೆ ಬರಲೇಬಾರದಿತ್ತು.

ಮ್ಯುಯಾನ್ ಎಲೆಕ್ಟ್ರಾನಿನ ಜಾತಿಗೇ ಸೇರಿದ ಕಣ. ಆದರೆ ಅದಕ್ಕಿಂತ ಸುಮಾರು 207 ಪಟ್ಟು ಭಾರ. ಹೊರ ಆಕಾಶದಿಂದ ಬರುವ ಪ್ರೋಟಾನ್‌ಗಳು ವಾಯುಮಂಡಲದ ಮೇಲುಪದರದಲ್ಲಿ ಗಾಳಿಯ ಪರಮಾಣುಗಳಿಗೆ ಬಡಿದಾಗ ಪಯಾನ್ ಎಂಬ ಕಣಗಳು ಹುಟ್ಟುತ್ತವೆ. ಅವು ಕ್ಷಣದಲ್ಲೇ ಅಳಿದು ಮ್ಯುಯಾನ್‌ಗಳನ್ನು ಕೊಡುತ್ತವೆ. ಇದು ನಡೆಯುವುದು ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ. ಈ ವಿಶ್ವಕಿರಣಗಳು ಮೇಲಿನಿಂದಲೇ ಬರುತ್ತವೆ ಎಂಬುದನ್ನು ವಿಕ್ಟರ್ ಹೆಸ್ 1912ರಲ್ಲಿ ಬಲೂನಿನಲ್ಲಿ 5 ಕಿಲೋಮೀಟರಿಗೂ ಎತ್ತರಕ್ಕೆ ಏರಿ ತೋರಿಸಿಕೊಟ್ಟಿದ್ದರು. ಅವುಗಳ ನಡುವೆ ಮ್ಯುಯಾನನ್ನು ಗುರುತಿಸಿದವರು ಅಮೆರಿಕದ ಕಾರ್ಲ್ ಆ್ಯಂಡರ್ಸನ್ ಮತ್ತು ಸೇತ್ ನೆಡರ್‌ಮೆಯರ್, ಕಾಲ 1936-37. ಪರಮಾಣುವಿನ ರಚನೆಯಲ್ಲಿ ಅದಕ್ಕೆ ಯಾವ ಕೆಲಸವೂ ಇರಲಿಲ್ಲ, ಯಾರೂ ಅದನ್ನು ನಿರೀಕ್ಷಿಸಿಯೂ ಇರಲಿಲ್ಲ. ಇದನ್ನು ತರಹೇಳಿದವರು ಯಾರು ಎಂದು ಭೌತಶಾಸ್ತ್ರಜ್ಞ ಇಸಿಡೋರ್ ರಾಬಿ ಕೇಳಿದರೆಂಬ ಮಾತು ಪ್ರಸಿದ್ಧವಾಗಿದೆ.

ಈ ಕಣದ ಸರಾಸರಿ ಆಯುಷ್ಯ 2.2 ಮೈಕ್ರೊಸೆಕೆಂಡ್. ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಎರಡು ಪಾಲು ಮತ್ತು ಸ್ವಲ್ಪ ಹೆಚ್ಚು. ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಯಾವ ಕಣವೂ ಅದನ್ನು ಮೀರಿ ಓಡಲಾರದು. ಆ ವೇಗದಲ್ಲಿ ಓಡಿದರೂ 2.2 ಮೈಕ್ರೊಸೆಕೆಂಡಿನಲ್ಲಿ ಕ್ರಮಿಸಬಹುದಾದ ದೂರ 660 ಮೀಟರ್ ಮಾತ್ರ. ದಾರಿಯೋ 15 ಕಿಲೋಮೀಟರ್. ಲೆಕ್ಕ ಹಾಕಿ ನೋಡಿದರೆ, ಮೇಲೆ ಹುಟ್ಟಿದ ಸಾವಿರ ಕೋಟಿ ಮ್ಯುಯಾನ್‌ಗಳಲ್ಲಿ ಒಂದು ಉಳಿದು ನೆಲ ಮುಟ್ಟಬೇಕು. ನಡೆಯುತ್ತಿರುವುದು ಹಾಗಲ್ಲ. ಸಮುದ್ರಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೊಂದರಂತೆ ಅವು ಹಗಲೂ ರಾತ್ರಿ ಸುರಿಯುತ್ತಲೇ ಇವೆ.

ಇದಕ್ಕೆ ಭೌತಶಾಸ್ತ್ರ ಕೊಡುವ ಉತ್ತರವನ್ನು ಹೇಳುವ ಮೊದಲು, ನಮಗೆಲ್ಲರಿಗೂ ಗೊತ್ತಿರುವ ಒಂದು ಪುರಾಣಕಥೆಯನ್ನು ನೆನಪಿಸಿಕೊಳ್ಳುತ್ತೇನೆ. ಕಕುದ್ಮಿ ಎಂಬ ಅರಸ ತನ್ನ ಮಗಳು ರೇವತಿಗೆ ತಕ್ಕ ವರ ಯಾರೆಂದು ಕೇಳಲು ಆಕೆಯನ್ನೂ ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಗಂಧರ್ವರ ಗಾಯನ ನಡೆದಿರುತ್ತದೆ. ಅದು ಮುಗಿಯಲೆಂದು ಸ್ವಲ್ಪ ಹೊತ್ತು ಕಾಯುತ್ತಾನೆ. ಆಮೇಲೆ ತನ್ನ ಮನಸ್ಸಿನಲ್ಲಿದ್ದ ರಾಜಕುಮಾರರ ಹೆಸರು ಹೇಳಿದಾಗ ಬ್ರಹ್ಮ ನಕ್ಕು, ನೀನು ಕಾದ ಅಷ್ಟು ಹೊತ್ತಿನಲ್ಲಿ ಭೂಮಿಯ ಮೇಲೆ ಇಪ್ಪತ್ತೇಳು ಚತುರ್ಯುಗಗಳು ಕಳೆದುಹೋದವು, ಅವರಾರೂ ಈಗಿಲ್ಲ, ಅವರ ಮೊಮ್ಮಕ್ಕಳ ಹೆಸರೂ ಉಳಿದಿಲ್ಲ ಎನ್ನುತ್ತಾನೆ. ಚಿಕ್ಕಂದಿನಲ್ಲಿ ಈ ಕಥೆ ಕೇಳಿದಾಗ ನನಗೆ ಆಮೇಲೆ ನಡೆಯುವ ರೇವತಿ-ಬಲರಾಮರ ಮದುವೆಗಿಂತಲೂ, ಮರಳಿ ಬಂದ ಆ ತಂದೆ-ಮಗಳಿಗೆ ತಮ್ಮ ಊರಿನ ಬೀದಿಗಳು ಹೇಗೆ ಕಂಡಿದ್ದಾವು ಎಂಬ ಯೋಚನೆಯೇ ಬಹಳ ದಿನ ಕಾಡಿತ್ತು.

ಭೌತಶಾಸ್ತ್ರದ ಉತ್ತರ ಮೇಲುನೋಟಕ್ಕೆ ಇದೇ ಕಥೆಯಂತಿದೆ. ಐನ್‌ಸ್ಟೈನ್ 1905ರಲ್ಲಿ ಮಂಡಿಸಿದ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ, ವೇಗವಾಗಿ ಓಡುತ್ತಿರುವ ಗಡಿಯಾರವು ನಿಂತ ನಮಗೆ ನಿಧಾನವಾಗಿ ನಡೆಯುವಂತೆ ಕಾಣಬೇಕು. ವೇಗ ಬೆಳಕಿನ ವೇಗಕ್ಕೆ ಹತ್ತಿರವಾದಷ್ಟೂ ಈ ನಿಧಾನ ಹೆಚ್ಚಬೇಕು. ಮ್ಯುಯಾನಿಗೆ ಅದರ ಸ್ವಂತ ಗಡಿಯಾರದಲ್ಲಿ ಎರಡು ಮೈಕ್ರೊಸೆಕೆಂಡಷ್ಟೇ ಕಳೆದಿರುತ್ತದೆ. ನಮ್ಮ ಗಡಿಯಾರದಲ್ಲಿ ಅದರ ಹತ್ತಾರು ಪಟ್ಟು ಕಾಲ ಸಂದಿರುತ್ತದೆ. ಅಷ್ಟರಲ್ಲಿ ಅದು ನೆಲ ಮುಟ್ಟುತ್ತದೆ.

ಎರಡೂ ಒಂದೇ ಮಾತಲ್ಲವೇ, ಹಾಗಾದರೆ ನಮ್ಮ ಹಿರಿಯರಿಗೆ ಇದು ಮೊದಲೇ ತಿಳಿದಿತ್ತಲ್ಲವೇ ಎಂದು ಸಭೆಗಳಲ್ಲಿ ಕೇಳುವವರಿದ್ದಾರೆ. ಆ ಕಥೆಯ ಮೇಲೆ ನನಗೆ ಅವರಷ್ಟೇ ಪ್ರೀತಿಯಿದೆ. ಆದರೆ ಈ ಎರಡನ್ನೂ ಒಂದೇ ಎಂದು ಹೇಳಿದರೆ ಎರಡಕ್ಕೂ ಅನ್ಯಾಯವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಥೆಯಲ್ಲಿ ಕಾಲ ಬೇರೆಯಾಗುವುದು ಬ್ರಹ್ಮಲೋಕದ ಮಹಿಮೆಯಿಂದ. ಆ ಅದ್ಭುತವನ್ನು ತಂದ ಕಥೆಗಾರನಿಗೆ ಅದನ್ನು ಬೇರೆ ಕಡೆಯೂ ಜಾರಿಗೆ ತರಬೇಕಾದ ಹೊಣೆಯಿಲ್ಲ. ಇಪ್ಪತ್ತೇಳರ ಬದಲು ಮೂವತ್ತು ಚತುರ್ಯುಗ ಎಂದಿದ್ದರೂ ಕಥೆಯ ಸೊಗಸು ಕುಂದುತ್ತಿರಲಿಲ್ಲ. ಭೌತಶಾಸ್ತ್ರದಲ್ಲಿ ಅಂಥ ಸ್ವಾತಂತ್ರ್ಯವಿಲ್ಲ. ಒಂದು ಕಡೆ ಕಾಲ ನಿಧಾನವಾಗುತ್ತದೆ ಎಂದು ಒಪ್ಪಿಕೊಂಡ ಮೇಲೆ ಎಲ್ಲ ಕಡೆಯೂ, ಎಲ್ಲರಿಗೂ, ಪ್ರತಿಯೊಂದು ವೇಗಕ್ಕೂ ಎಷ್ಟೆಷ್ಟು ನಿಧಾನವಾಗುತ್ತದೆ ಎಂಬ ಲೆಕ್ಕವನ್ನು ಒಪ್ಪಿಸಬೇಕಾಗುತ್ತದೆ. ಆ ಲೆಕ್ಕದಲ್ಲಿ ಒಂದೇ ಕಡೆ ತಪ್ಪು ಕಂಡರೂ ಇಡೀ ಸಿದ್ಧಾಂತವನ್ನು ಬಿಟ್ಟುಕೊಡಬೇಕಾಗುತ್ತದೆ. ಇವತ್ತು ನಾನು ಹೇಳಬೇಕೆಂದಿರುವುದು ಈ ಒಂದೇ ಮಾತನ್ನು: ಭೌತಶಾಸ್ತ್ರದ ವಿಚಿತ್ರವು ಲೆಕ್ಕಕ್ಕೆ ಕಟ್ಟುಬಿದ್ದ ವಿಚಿತ್ರ.

ಆ ಲೆಕ್ಕವನ್ನು ಹೇಗೆ ಒಪ್ಪಿಸಿದರೆಂದು ನೋಡೋಣ. ಮ್ಯುಯಾನ್‌ಗಳ ಮೇಲೆ ಈ ಪರೀಕ್ಷೆಯನ್ನು ಬ್ರೂನೊ ರೊಸ್ಸಿ ಮತ್ತು ಡೇವಿಡ್ ಹಾಲ್ 1941ರಷ್ಟು ಹಿಂದೆಯೇ ಕೊಲರಾಡೊದ ಬೆಟ್ಟಗಳಲ್ಲಿ ಮಾಡಿದ್ದರು. ಆದರೆ ಪಾಠ ಹೇಳುವವನಾಗಿ ನನಗೆ ಹೆಚ್ಚು ಹಿಡಿಸಿದ್ದು ಡೇವಿಡ್ ಫ್ರಿಶ್ ಮತ್ತು ಜೇಮ್ಸ್ ಸ್ಮಿತ್ 1963ರಲ್ಲಿ ಪ್ರಕಟಿಸಿದ ಪ್ರಯೋಗ. ಅವರು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮೌಂಟ್ ವಾಷಿಂಗ್ಟನ್ ಶಿಖರಕ್ಕೆ ಉಪಕರಣ ಸಾಗಿಸಿದರು. ಎತ್ತರ ಸುಮಾರು 1,900 ಮೀಟರ್, ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಯಷ್ಟೇ. ಉಪಕರಣದ ಮುಖ್ಯ ಭಾಗ ಒಂದು ಪ್ಲಾಸ್ಟಿಕ್ ತುಂಡು. ಕಣವೊಂದು ಅದರೊಳಗೆ ಹೊಕ್ಕರೆ ಮಿಣುಕು ಬೆಳಕು ಬರುತ್ತದೆ. ಅದರ ಮೇಲೆ ಕಬ್ಬಿಣದ ದಪ್ಪ ಹಲಗೆಗಳನ್ನು ಪೇರಿಸಿದ್ದರು. ತೀರ ನಿಧಾನದ ಮ್ಯುಯಾನ್‌ಗಳು ಕಬ್ಬಿಣದಲ್ಲೇ ನಿಂತುಬಿಡುತ್ತವೆ, ತೀರ ವೇಗದವು ಪ್ಲಾಸ್ಟಿಕ್ಕನ್ನೂ ದಾಟಿ ಹೋಗುತ್ತವೆ. ಬೆಳಕಿನ ವೇಗದ ಶೇಕಡ 99.5ರ ಆಸುಪಾಸಿನಲ್ಲಿ ಬಂದವು ಮಾತ್ರ ಕಬ್ಬಿಣ ದಾಟಿ ಪ್ಲಾಸ್ಟಿಕ್‌ನಲ್ಲಿ ನಿಲ್ಲುತ್ತವೆ. ನಿಂತಾಗ ಒಂದು ಮಿಣುಕು. ಸ್ವಲ್ಪ ಹೊತ್ತಿಗೆ ಮ್ಯುಯಾನ್ ಅಳಿದು ಅದರಿಂದ ಎಲೆಕ್ಟ್ರಾನ್ ಹೊರಬಿದ್ದಾಗ ಇನ್ನೊಂದು ಮಿಣುಕು. ಎರಡು ಮಿಣುಕುಗಳ ನಡುವಿನ ಅಂತರವೇ ನಿಂತ ಮೇಲೆ ಆ ಮ್ಯುಯಾನ್ ಬಾಳಿದ ಕಾಲ.

ಶಿಖರದಲ್ಲಿ ಗಂಟೆಗೆ ಸರಾಸರಿ 563 ಮ್ಯುಯಾನ್‌ಗಳು ಹೀಗೆ ಸಿಕ್ಕವು. ಅವುಗಳ ಆಯುಷ್ಯದ ಪಟ್ಟಿ ಕೈಯಲ್ಲೇ ಇದ್ದುದರಿಂದ ಮುಂದಿನ ಲೆಕ್ಕ ಸುಲಭ. ಶಿಖರದಿಂದ ಸಮುದ್ರಮಟ್ಟಕ್ಕೆ ಇಳಿಯಲು ಈ ವೇಗದ ಕಣಕ್ಕೆ 6.4 ಮೈಕ್ರೊಸೆಕೆಂಡ್ ಬೇಕು. ಅಷ್ಟು ಕಾಲದ ನಂತರ 563ರಲ್ಲಿ ಸುಮಾರು 27 ಉಳಿದಿರಬೇಕು. ಅದೇ ಉಪಕರಣವನ್ನು ಸಮುದ್ರಮಟ್ಟದಲ್ಲಿರುವ ಅಮೆರಿಕದ ಕೇಂಬ್ರಿಜ್ ನಗರಕ್ಕೆ ತಂದು, ನಡುವಿನ ಗಾಳಿಯಲ್ಲಿ ಕಣಗಳು ಕಳೆದುಕೊಳ್ಳುವ ವೇಗಕ್ಕೆ ಸರಿದೂಗುವಂತೆ ಕಬ್ಬಿಣವನ್ನು ಕಡಿಮೆ ಮಾಡಿ, ಮತ್ತೆ ಎಣಿಸಿದರು. ಸಿಕ್ಕಿದ್ದು 27 ಅಲ್ಲ, 408. ನಮ್ಮ ಗಡಿಯಾರದಲ್ಲಿ 6.4 ಮೈಕ್ರೊಸೆಕೆಂಡ್ ಕಳೆಯುವಷ್ಟರಲ್ಲಿ ಮ್ಯುಯಾನ್‌ಗಳ ಗಡಿಯಾರದಲ್ಲಿ 0.7 ಮೈಕ್ರೊಸೆಕೆಂಡ್ ಮಾತ್ರ ಕಳೆದಿದ್ದರೆ ಈ ಸಂಖ್ಯೆ ಬರಬೇಕು. ಆ ವೇಗಕ್ಕೆ ಸಿದ್ಧಾಂತ ಹೇಳುವುದೂ ಅಷ್ಟನ್ನೇ. ಮುಂದೆ 1977ರಲ್ಲಿ ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಮ್ಯುಯಾನ್‌ಗಳನ್ನು ದೊಡ್ಡ ಬಳೆಯಂಥ ಕೊಳವೆಯಲ್ಲಿ ಸುತ್ತಿಸಿ ನೋಡಿದಾಗ ಅವುಗಳ ಆಯುಷ್ಯ 64 ಮೈಕ್ರೊಸೆಕೆಂಡಿಗೆ ಹಿಗ್ಗಿತ್ತು. ಇಪ್ಪತ್ತೊಂಬತ್ತು ಪಟ್ಟು. ಲೆಕ್ಕಕ್ಕೂ ಅಳತೆಗೂ ಇದ್ದ ವ್ಯತ್ಯಾಸ ಸಾವಿರಕ್ಕೆ ಒಂದರ ಆಸುಪಾಸಿನದು.

ಇಲ್ಲಿ ಒಂದು ಪ್ರಶ್ನೆ ಏಳಲೇಬೇಕು. ಮ್ಯುಯಾನ್ ತನ್ನ ಗಡಿಯಾರವನ್ನು ತಾನೇ ನೋಡಿಕೊಂಡರೆ ಏನು ಕಾಣುತ್ತದೆ? ಅದರ ಪಾಲಿಗೆ ಅದು ನಿಂತೇ ಇದೆ. ಬೆಟ್ಟವೇ ಅದರ ಕಡೆಗೆ ಧಾವಿಸಿ ಬರುತ್ತಿದೆ. ಅದರ ಗಡಿಯಾರ ಸರಿಯಾಗಿಯೇ ನಡೆಯುತ್ತಿದೆ, ಸಿಕ್ಕಿರುವುದು 0.7 ಮೈಕ್ರೊಸೆಕೆಂಡ್ ಮಾತ್ರ. ಅಷ್ಟರಲ್ಲಿ 1,900 ಮೀಟರಿನ ಬೆಟ್ಟ ದಾಟಿ ಹೋಗುವುದು ಹೇಗೆ? ಸಿದ್ಧಾಂತದ ಉತ್ತರವೆಂದರೆ, ಮ್ಯುಯಾನಿನ ಅಳತೆಯಲ್ಲಿ ಬೆಟ್ಟದ ಎತ್ತರ 1,900 ಮೀಟರ್ ಅಲ್ಲವೇ ಅಲ್ಲ. ಅದು ಇನ್ನೂರು ಮೀಟರಿನ ಆಸುಪಾಸಿಗೆ ಕುಗ್ಗಿರುತ್ತದೆ. ನಾವು ಕಾಲ ಹಿಗ್ಗಿತು ಎನ್ನುತ್ತೇವೆ, ಅದು ದೂರ ಕುಗ್ಗಿತು ಎನ್ನುತ್ತದೆ, ಎರಡೂ ಕಡೆಯ ಲೆಕ್ಕದಲ್ಲಿ ಸಮುದ್ರಮಟ್ಟಕ್ಕೆ ಬಂದು ಸೇರುವ ಮ್ಯುಯಾನ್‌ಗಳ ಸಂಖ್ಯೆ 408ರಷ್ಟೇ. ಬೆಟ್ಟದ ಎತ್ತರವೆಂಬುದು ಬೆಟ್ಟದ ಸ್ವಂತ ಸೊತ್ತಲ್ಲ, ಅಳೆಯುವವನ ಚಲನೆಗೂ ಅದರಲ್ಲಿ ಪಾಲಿದೆ ಎಂಬ ಮಾತನ್ನು ಮೊದಲ ಬಾರಿ ಅರ್ಥಮಾಡಿಕೊಂಡ ದಿನ ನನಗೆ ರಾತ್ರಿ ಬಹಳ ಹೊತ್ತು ನಿದ್ದೆ ಬಂದಿರಲಿಲ್ಲ. ಮೂವತ್ತು ವರ್ಷ ಪಾಠ ಹೇಳಿದ ಮೇಲೂ ಆ ಬೆರಗು ಕಡಿಮೆಯಾಗಿಲ್ಲ.

ಈ ವಿಚಾರಕ್ಕೂ ಭಾರತಕ್ಕೂ, ಅದರಲ್ಲೂ ಬೆಂಗಳೂರಿಗೂ ಕೋಲಾರಕ್ಕೂ ಇರುವ ನಂಟು ಎಲ್ಲರಿಗೂ ತಿಳಿದಿಲ್ಲ. 1938ರಲ್ಲಿ, ಮ್ಯುಯಾನಿಗೆ ಇನ್ನೂ ಆ ಹೆಸರೂ ಇಲ್ಲದಿದ್ದಾಗ, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಹೋಮಿ ಭಾಭಾ ಒಂದು ಪುಟ್ಟ ಲೇಖನ ಬರೆದರು. ಈ ಭಾರದ ಕಣಗಳು ತಾವಾಗಿಯೇ ಅಳಿಯುವುದಾದರೆ ಅಂಥ ಒಂದೊಂದು ಕಣವನ್ನೂ ಒಂದು ಗಡಿಯಾರವೆಂದು ಪರಿಗಣಿಸಬಹುದು. ಹಾಗಾಗಿ ಕಣ ಚಲಿಸುತ್ತಿರುವಾಗ ಅದು ಅಳಿಯಲು ತೆಗೆದುಕೊಳ್ಳುವ ಕಾಲ ಹೆಚ್ಚಿರಬೇಕು, ಇದು ಸಾಪೇಕ್ಷತೆಯಿಂದಲೇ ಸಿದ್ಧವಾಗುತ್ತದೆ ಎಂಬುದು ಅದರಲ್ಲಿನ ಒಂದು ಮಾತಿನ ಸಾರ. ರೊಸ್ಸಿ ಮತ್ತು ಹಾಲ್ ಅಳೆದು ತೋರಿಸುವುದಕ್ಕೆ ಮೂರು ವರ್ಷ ಮೊದಲೇ ಆಡಿದ ಮಾತು ಇದು. ಮರುವರ್ಷ ರಜೆಯಲ್ಲಿ ಊರಿಗೆ ಬಂದ ಭಾಭಾ, ಯುದ್ಧ ಆರಂಭವಾದ್ದರಿಂದ ಮರಳಿ ಹೋಗಲಾಗದೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಅಲ್ಲಿ ಭೌತಶಾಸ್ತ್ರ ವಿಭಾಗದಲ್ಲಿ ಸಿ. ವಿ. ರಾಮನ್ ಇದ್ದರು. ಅಲ್ಲಿಯೇ ಭಾಭಾ ವಿಶ್ವಕಿರಣಗಳ ಅಧ್ಯಯನ ಘಟಕವನ್ನು ಕಟ್ಟಿದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಕೆಲಸ ಆರಂಭಿಸಿದ್ದು ಕೂಡ ಬೆಂಗಳೂರಿನ ಅದೇ ಆವರಣದಲ್ಲಿ. ಮುಂಬಯಿಗೆ ಹೋದದ್ದು ಆ ವರ್ಷದ ಕೊನೆಯಲ್ಲಿ.

ಮ್ಯುಯಾನಿನ ಇನ್ನೊಂದು ಗುಣವನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಭಾಭಾ ಅದನ್ನು ಗಡಿಯಾರ ಎಂದದ್ದರ ಬೆನ್ನಿಗೇ ಅದು ಬರಬೇಕು. ಅದು ಎಂಥ ಗಡಿಯಾರ? ಅದಕ್ಕೆ ಮುಳ್ಳಿಲ್ಲ, ಒಳಗೆ ಸವೆಯುವ ಯಾವ ಭಾಗವೂ ಇಲ್ಲ. ಮನುಷ್ಯನಿಗೆ ಎಂಬತ್ತು ದಾಟಿದರೆ ಮುಂದಿನ ವರ್ಷ ಬದುಕಿರುವ ಸಾಧ್ಯತೆ ಇಪ್ಪತ್ತರವನಿಗಿಂತ ಕಡಿಮೆ; ಏಕೆಂದರೆ ನಮ್ಮ ದೇಹಕ್ಕೆ ಮುಪ್ಪಿದೆ. ಮ್ಯುಯಾನಿಗೆ ಮುಪ್ಪಿಲ್ಲ. ಈಗ ತಾನೆ ಹುಟ್ಟಿದ್ದಕ್ಕೂ ಸರಾಸರಿಯ ಐದು ಪಟ್ಟು ಕಾಲ ಬಾಳಿ ನಿಂತಿರುವುದಕ್ಕೂ ಮುಂದಿನ ಮೈಕ್ರೊಸೆಕೆಂಡಿನಲ್ಲಿ ಅಳಿಯುವ ಸಾಧ್ಯತೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ. ಒಂದು ಲಕ್ಷ ಮ್ಯುಯಾನ್‌ಗಳ ಗುಂಪು ಹೇಗೆ ಕರಗುತ್ತದೆಂದು ನಿಖರವಾಗಿ ಹೇಳಬಹುದು. ಅದರಲ್ಲಿ ನಿರ್ದಿಷ್ಟವಾದ ಈ ಒಂದು ಮ್ಯುಯಾನ್ ಯಾವಾಗ ಅಳಿಯುತ್ತದೆ ಎಂದು ಕ್ವಾಂಟಂ ಸಿದ್ಧಾಂತದ ಪ್ರಕಾರ ಹೇಳಲಾಗದು. ಅದು ನಮ್ಮ ಅಜ್ಞಾನದ ಮಾತಲ್ಲ, ಆ ಕ್ಷಣವನ್ನು ಮೊದಲೇ ನಿರ್ಧರಿಸಿ ಇಟ್ಟಿರುವ ಯಾವ ಸಂಗತಿಯೂ ಸಿದ್ಧಾಂತದೊಳಗೆ ಇಲ್ಲ. ಸಾವಿಗೆ ಕಾರಣ ಬೇಕೇಬೇಕು ಎಂದು ಭಾವಿಸುವ ನಮ್ಮ ಮನಸ್ಸಿಗೆ, ಕಾಲ ಹಿಗ್ಗುವುದಕ್ಕಿಂತಲೂ ಇದನ್ನು ಒಪ್ಪಿಕೊಳ್ಳುವುದು ಕಷ್ಟ.

ಇನ್ನು ಕೋಲಾರದ ಚಿನ್ನದ ಗಣಿ. ಆ ಊರಿನ ಹೆಸರು ಕೇಳಿದರೆ ಇಂದಿನ ಹುಡುಗರಿಗೆ ಬೆಳ್ಳಿತೆರೆಯ ಸಾಹಸಗಳು ನೆನಪಾಗುತ್ತವೆ. ಅವರ ತಂದೆಯರಿಗೆ ಚಿನ್ನ, 1902ರಲ್ಲಿ ಶಿವನಸಮುದ್ರದಿಂದ ಬಂದ ವಿದ್ಯುತ್ತು, ದಿಬ್ಬದಂತೆ ಬಿದ್ದಿರುವ ಸೈನೈಡ್ ಮಣ್ಣು. ಭೌತಶಾಸ್ತ್ರಜ್ಞರಿಗೆ ಮಾತ್ರ ಅದು ಭೂಮಿಯ ಮೇಲಿನ ಅತ್ಯಂತ ನಿಶ್ಶಬ್ದವಾದ ಜಾಗಗಳಲ್ಲಿ ಒಂದಾಗಿತ್ತು. ಇಲ್ಲಿ ನಿಶ್ಶಬ್ದವೆಂದರೆ ಮ್ಯುಯಾನ್‌ಗಳ ಸದ್ದು ಇಲ್ಲದಿರುವುದು. ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಅವರು 1950ರ ದಶಕದ ಆರಂಭದಲ್ಲಿ, ಭಾಭಾ ಅವರ ಸೂಚನೆಯಂತೆ, ಉಪಕರಣಗಳೊಂದಿಗೆ ಆ ಗಣಿಗಳಿಗೆ ಇಳಿದು, ಆಳ ಹೆಚ್ಚಿದಂತೆ ಮ್ಯುಯಾನ್‌ಗಳು ಹೇಗೆ ಕಡಿಮೆಯಾಗುತ್ತವೆ ಎಂದು ಅಳೆದರು. ಮುಂದಿನ ದಶಕದ ಆರಂಭದಲ್ಲಿ ಅವರ ಸಹೋದ್ಯೋಗಿಗಳು ಇನ್ನೂ ಆಳಕ್ಕೆ ಹೋದರು. ಎರಡೂವರೆ ಕಿಲೋಮೀಟರಿಗೂ ಮೀರಿದ ಅತ್ಯಂತ ಆಳದ ನೆಲೆಯಲ್ಲಿ ಎಣಿಕೆಯ ಯಂತ್ರವಿಟ್ಟು ಕಾದು ಕುಳಿತರೂ ಒಂದೇ ಒಂದು ಮ್ಯುಯಾನ್ ಕೂಡ ದಾಖಲಾಗಲಿಲ್ಲ.

ಏನೂ ಸಿಗಲಿಲ್ಲ ಎಂಬ ಈ ಫಲಿತಾಂಶವನ್ನು ನಿರಾಶೆಯೆಂದು ಬಗೆಯದೆ, ಅದನ್ನೇ ಅವಕಾಶವೆಂದು ಕಂಡದ್ದು ಆ ತಂಡದ ದೊಡ್ಡತನ. ಮ್ಯುಯಾನ್ ಕೂಡ ತಲುಪಲಾರದ ಕಡೆಗೆ ತಲುಪಬಲ್ಲದ್ದು ನ್ಯೂಟ್ರಿನೊ ಒಂದೇ. ಈ ಕಣವನ್ನು ವೋಲ್ಫ್‌ಗಾಂಗ್ ಪೌಲಿ 1930ರಲ್ಲಿ ಕಲ್ಪಿಸಿದಾಗ, ಕೆಲವು ಪರಮಾಣುಗಳು ಅಳಿಯುವಾಗ ಕಾಣೆಯಾಗುತ್ತಿದ್ದ ಶಕ್ತಿಯ ಲೆಕ್ಕವನ್ನು ಸರಿಹೊಂದಿಸಲು ಅವರಿಗೆ ಬೇರೆ ದಾರಿ ಕಂಡಿರಲಿಲ್ಲ. ಯಾರಿಗೂ ಪತ್ತೆಯಾಗದ ಕಣವೊಂದನ್ನು ಸೂಚಿಸಿಬಿಟ್ಟೆನಲ್ಲ ಎಂಬ ಅಳುಕು ಅವರನ್ನು ಕಾಡಿತ್ತು. ಇಪ್ಪತ್ತಾರು ವರ್ಷಗಳ ನಂತರ, 1956ರಲ್ಲಿ, ಫ್ರೆಡರಿಕ್ ರೈನ್ಸ್ ಮತ್ತು ಕ್ಲೈಡ್ ಕೋವನ್ ಅದನ್ನು ಪರಮಾಣು ಸ್ಥಾವರವೊಂದರ ಬಳಿ ಪತ್ತೆಮಾಡಿದರು. ಸೂರ್ಯನಿಂದ ಹೊರಟ ನ್ಯೂಟ್ರಿನೊಗಳು ನಿಮ್ಮ ಉಗುರಿನಷ್ಟು ಜಾಗವನ್ನು ಸೆಕೆಂಡಿಗೆ ಆರು ಸಾವಿರ ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ದಾಟುತ್ತಿವೆ. ರಾತ್ರಿಯಾದರೆ ಭೂಮಿಯನ್ನೇ ತೂರಿಕೊಂಡು ಕಾಲಡಿಯಿಂದ ಬರುತ್ತವೆ.

ಕೋಲಾರದ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ 2.3 ಕಿಲೋಮೀಟರ್ ಕೆಳಗೆ, ಟಾಟಾ ಸಂಸ್ಥೆಯವರೂ ಜಪಾನಿನ ಒಸಾಕಾ ಹಾಗೂ ಇಂಗ್ಲೆಂಡಿನ ಡರಂ ವಿಶ್ವವಿದ್ಯಾಲಯಗಳವರೂ ಸೇರಿ ಉಪಕರಣ ನಿಲ್ಲಿಸಿದರು. ಮೇಲಿನ ಮ್ಯುಯಾನ್‌ಗಳಲ್ಲಿ ಕೋಟಿಗೆ ಒಂದು ಕೂಡ ಆ ಬಂಡೆಯನ್ನು ದಾಟಿ ಅಲ್ಲಿಗೆ ಬರುವುದಿಲ್ಲ. ಬಂದರೂ ಹೆಚ್ಚುಕಡಿಮೆ ನೇರವಾಗಿ ಮೇಲಿನಿಂದಲೇ ಬರಬೇಕು, ಏಕೆಂದರೆ ಓರೆಯಾದಷ್ಟೂ ದಾಟಬೇಕಾದ ಬಂಡೆಯ ದಪ್ಪ ಹೆಚ್ಚುತ್ತದೆ. ಆದ್ದರಿಂದ ಅವರು ಪತ್ತೆಯಂತ್ರಗಳನ್ನು ಚಾಪೆಯಂತೆ ಹಾಸದೆ, ಎದುರುಬದುರು ಗೋಡೆಗಳಂತೆ ನಿಲ್ಲಿಸಿ, ಅಡ್ಡಡ್ಡವಾಗಿ ಹಾಯುವ ಕಣಕ್ಕಾಗಿ ಕಾದರು. ಅಡ್ಡವಾಗಿ ಬರುವ ಮ್ಯುಯಾನ್ ಆಕಾಶದಿಂದ ಬಂದಿರಲಾರದು. ಯಾವುದೋ ನ್ಯೂಟ್ರಿನೊ ಎಷ್ಟೋ ದೂರದಿಂದ ಬಂಡೆಯೊಳಗೆ ಬಂದು, ಗೋಡೆಯ ಪಕ್ಕದ ಕಲ್ಲಿನ ಪರಮಾಣುವಿಗೆ ಬಡಿದು, ಅಲ್ಲಿಯೇ ಅದನ್ನು ಹುಟ್ಟಿಸಿರಬೇಕು. ಯಾವ ಮ್ಯುಯಾನ್‌ಗಳಿಂದ ತಪ್ಪಿಸಿಕೊಳ್ಳಲೆಂದು ಅಷ್ಟು ಆಳಕ್ಕೆ ಇಳಿದರೋ, ಅದೇ ಮ್ಯುಯಾನ್ ಅಲ್ಲಿ ನ್ಯೂಟ್ರಿನೊದ ಗುರುತಾಗಿ ಬಂದಿತು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊವನ್ನು ಪತ್ತೆಮಾಡಿದ ಸುದ್ದಿ 1965ರ ಆಗಸ್ಟ್ ಮಧ್ಯದಲ್ಲಿ ಕೋಲಾರದಿಂದ ಪ್ರಕಟವಾಯಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಇದೇ ಹುಡುಕಾಟ ನಡೆಸಿದ್ದ ರೈನ್ಸ್ ತಂಡದ ವರದಿ ಅದೇ ತಿಂಗಳ ಕೊನೆಯಲ್ಲಿ ಬಂದಿತು. ಬಿಸಿ ಬಂಡೆಯ ನಡುವೆ, ಬಂಡೆ ಸಿಡಿಯುವ ಭಯ ಎಂದೂ ತಪ್ಪದ ಜಾಗದಲ್ಲಿ ಕೇಜಿನಲ್ಲಿ ಇಳಿದು ಏರಿ ಕೆಲಸ ಮಾಡಿದ ವಿಜ್ಞಾನಿಗಳಿಗೂ, ಅವರಿಗೆ ದಾರಿ ಮಾಡಿಕೊಟ್ಟ ಗಣಿ ಕಾರ್ಮಿಕರಿಗೂ ಈ ಫಲ ಸಲ್ಲುತ್ತದೆ. ನಮ್ಮ ಶಾಲಾ ಪಠ್ಯಗಳಲ್ಲಿ ಇದಕ್ಕೆ ಒಂದು ಪುಟವಾದರೂ ಇರಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಆದರೆ ನ್ಯೂಟ್ರಿನೊ ಪೂರ್ತಿ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಅಮೆರಿಕದ ಹೋಮ್‌ಸ್ಟೇಕ್ ಎಂಬ ಚಿನ್ನದ ಗಣಿಯಲ್ಲಿ ರೇಮಂಡ್ ಡೇವಿಸ್ ಬಟ್ಟೆಗಳ ಡ್ರೈಕ್ಲೀನಿಂಗ್‌ಗೆ ಬಳಸುವ ದ್ರವವನ್ನು ಸುಮಾರು ನಾಲ್ಕು ಲಕ್ಷ ಲೀಟರಿನಷ್ಟು ತುಂಬಿಟ್ಟು ಸೂರ್ಯನ ನ್ಯೂಟ್ರಿನೊಗಳನ್ನು ದಶಕಗಳ ಕಾಲ ಎಣಿಸಿದರು. ಪ್ರತಿ ಬಾರಿಯೂ ಬರಬೇಕಾದ್ದರಲ್ಲಿ ಮೂರನೆಯ ಒಂದು ಪಾಲು ಮಾತ್ರ ಬಂದಿತು. ಅವರ ಎಣಿಕೆ ತಪ್ಪಿರಬೇಕೆಂದು ಹಲವರು, ಸೂರ್ಯನ ಬಗೆಗಿನ ನಮ್ಮ ತಿಳಿವಳಿಕೆ ತಪ್ಪಿರಬೇಕೆಂದು ಇನ್ನು ಕೆಲವರು ಭಾವಿಸಿದರು. ಎರಡೂ ತಪ್ಪಿರಲಿಲ್ಲ. ಜಪಾನಿನ ಕಮಿಯೊಕಾ ಗಣಿಯಲ್ಲಿ 50,000 ಟನ್ ಶುದ್ಧ ನೀರಿನ ಸುತ್ತ ಕಟ್ಟಿದ ಸೂಪರ್ ಕಮಿಯೊಕಾಂಡೆ ಎಂಬ ಪತ್ತೆಯಂತ್ರ, ಮೇಲಿನ ಆಕಾಶದಿಂದ ಬಂದ ಮ್ಯುಯಾನ್ ಬಗೆಯ ನ್ಯೂಟ್ರಿನೊಗಳು ಸರಿಯಾದ ಸಂಖ್ಯೆಯಲ್ಲಿವೆ, ಭೂಮಿಯ ಆಚೆ ಬದಿಯಲ್ಲಿ ಹುಟ್ಟಿ ಸುಮಾರು 13,000 ಕಿಲೋಮೀಟರ್ ತೂರಿ ಬಂದವುಗಳಲ್ಲಿ ಮಾತ್ರ ಅರ್ಧದಷ್ಟು ಕಾಣೆಯಾಗಿವೆ ಎಂದು 1998ರಲ್ಲಿ ತೋರಿಸಿತು. ಕಾಣೆಯಾದವು ನಾಶವಾಗಿರಲಿಲ್ಲ, ದಾರಿಯಲ್ಲಿ ಬೇರೆ ಬಗೆಯ ನ್ಯೂಟ್ರಿನೊಗಳಾಗಿ ಬದಲಾಗಿದ್ದವು. ಕೆನಡಾದ ಸಡ್‌ಬರಿ ಗಣಿಯ ಪ್ರಯೋಗ ಸೂರ್ಯನ ನ್ಯೂಟ್ರಿನೊಗಳಿಗೂ ಬಗೆ ಬದಲಾಗುತ್ತದೆ ಎಂದು ಖಚಿತಪಡಿಸಿತು. ಈ ಕೆಲಸಗಳಿಗಾಗಿ ತಕಾಕಿ ಕಜಿಟಾ ಮತ್ತು ಆರ್ಥರ್ ಮೆಕ್‌ಡೊನಾಲ್ಡ್ ಅವರಿಗೆ 2015ರ ನೊಬೆಲ್ ಪ್ರಶಸ್ತಿ ಬಂದಿತು.

ಬದಲಾಗುವುದೆಂದರೆ ಹೇಗೆ? ತಂಬೂರಿಯ ಎರಡು ತಂತಿಗಳ ಶ್ರುತಿಯಲ್ಲಿ ತೀರ ಸಣ್ಣ ವ್ಯತ್ಯಾಸವಿದ್ದರೆ ನಾದವು ಒಮ್ಮೆ ಉಬ್ಬಿ ಒಮ್ಮೆ ತಗ್ಗುವುದನ್ನು ಸಂಗೀತ ಬಲ್ಲವರು ಕೇಳಿದ್ದೀರಿ. ಮೇಳಗೂಡಿಸುವಾಗ ಆ ಅಲೆದಾಟ ನಿಲ್ಲುವವರೆಗೆ ಬಿರಡೆ ತಿರುಗಿಸುತ್ತೀರಿ. ಒಂದು ಬಗೆಯದೆಂದು ನಾವು ಹೆಸರಿಡುವ ನ್ಯೂಟ್ರಿನೊ ನಿಜಕ್ಕೂ ಮೂರು ಬೇರೆ ಬೇರೆ ದ್ರವ್ಯರಾಶಿಗಳ ಕೂಡು. ಆ ಮೂರೂ ಮೂರು ಸ್ವರಗಳಂತೆ ಜೊತೆಜೊತೆಗೆ ಸಾಗುತ್ತವೆ. ಅವುಗಳ ನಡುವಿನ ಸಣ್ಣ ವ್ಯತ್ಯಾಸದಿಂದಾಗಿ ದೂರ ಹೆಚ್ಚಿದಂತೆ ಆ ಕೂಡಿನ ಸ್ವರೂಪ ಬದಲಾಗುತ್ತಾ ಹೋಗುತ್ತದೆ. ನಾವು ಹಿಡಿದು ನೋಡಿದ ಕ್ಷಣದಲ್ಲಿ ಅದು ಯಾವುದಾದರೂ ಒಂದು ಬಗೆಯಾಗಿ ಸಿಗುತ್ತದೆ. ತಂಬೂರಿಯ ಆ ಅಲೆದಾಟಕ್ಕೆ ಎರಡು ತಂತಿಗಳು ಬೇಕು, ಇಲ್ಲಿರುವುದು ಒಂದೇ ಕಣ ಎಂಬುದನ್ನು ಮಾತ್ರ ಮರೆಯಬಾರದು. ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ, ಕ್ವಾಂಟಂ ಲೋಕ ಅಲ್ಲಿಂದ ಆರಂಭವಾಗುತ್ತದೆ. ಇದರಿಂದ ಇನ್ನೊಂದು ಸಂಗತಿ ತಾನಾಗಿ ಹೊರಬೀಳುತ್ತದೆ. ಬೆಳಕಿನ ವೇಗದಲ್ಲೇ ಸಾಗುವುದಕ್ಕೆ ತನ್ನದೆಂಬ ಕಾಲ ಕಳೆಯುವುದೇ ಇಲ್ಲ. ಕಾಲವಿಲ್ಲದ ಮೇಲೆ ಬದಲಾವಣೆಯೂ ಇಲ್ಲ. ನ್ಯೂಟ್ರಿನೊ ದಾರಿಯಲ್ಲಿ ಬದಲಾಗುತ್ತದೆಂದರೆ ಅದರೊಳಗೂ ಒಂದು ಗಡಿಯಾರವಿದೆ; ಅದು ಬೆಳಕಿಗಿಂತ ಕೂದಲೆಳೆಯಷ್ಟಾದರೂ ನಿಧಾನ, ಅದಕ್ಕೆ ಅತ್ಯಲ್ಪವಾದರೂ ದ್ರವ್ಯರಾಶಿಯಿದೆ. 1938ರಲ್ಲಿ ಕಣವನ್ನು ಗಡಿಯಾರವೆಂದ ಆ ಒಂದು ಮಾತು ಅರವತ್ತು ವರ್ಷಗಳ ನಂತರ ಬೇರೊಂದು ಕಣಕ್ಕೆ ಸಂದದ್ದನ್ನು ಕಂಡಾಗ, ಈ ಲೆಕ್ಕಗಳು ಒಂದಕ್ಕೊಂದು ಎಷ್ಟು ಬಿಗಿಯಾಗಿ ಹೆಣೆದುಕೊಂಡಿವೆ ಎಂಬುದು ಗೊತ್ತಾಗುತ್ತದೆ.

ಕೋಲಾರದಲ್ಲಿ ಆಮೇಲೆ ಪ್ರೋಟಾನ್ ಅಳಿಯುತ್ತದೆಯೇ ಎಂದು ನೋಡಲು 140 ಟನ್ನಿನ ಕಬ್ಬಿಣದ ಪತ್ತೆಯಂತ್ರವನ್ನು 1980ರಲ್ಲಿ ನಿಲ್ಲಿಸಿದರು. ಅನುಮಾನಕ್ಕೆ ಎಡೆಕೊಡುವ ಕೆಲವು ಗುರುತುಗಳು ಸಿಕ್ಕವು. ಬೇರೆ ದೇಶಗಳ ಇನ್ನೂ ದೊಡ್ಡ ಪ್ರಯೋಗಗಳಲ್ಲಿ ಅವು ದೃಢಪಡಲಿಲ್ಲ, ಪ್ರೋಟಾನ್ ಅಳಿದದ್ದನ್ನು ಇದುವರೆಗೆ ಯಾರೂ ಕಂಡಿಲ್ಲ. ಚೆನ್ನಾಗಿ ಕಟ್ಟಿದ ಕಲ್ಪನೆಯೊಂದು ಲೆಕ್ಕ ಒಪ್ಪಿಸಲಾಗದೆ ಹಿಂದೆ ಸರಿಯುವುದೂ ನನ್ನ ಮಾತಿಗೆ ಒಂದು ಸಾಕ್ಷಿಯೇ. ಗಣಿಯೊಳಗಿನ ಪ್ರಯೋಗಗಳು 1992ರಲ್ಲಿ ನಿಂತವು, ಗಣಿಯೇ 2001ರಲ್ಲಿ ಮುಚ್ಚಿತು. ಆ ಪರಂಪರೆ ಮುಂದುವರಿದಿದ್ದರೆ 1998ರ ಸುದ್ದಿಯಲ್ಲಿ ನಮಗೂ ಪಾಲಿರುತ್ತಿತ್ತೋ ಏನೋ ಎಂಬ ನೋವು ಈ ವಿಷಯ ಹೇಳುವಾಗಲೆಲ್ಲ ನನ್ನನ್ನು ಮುಟ್ಟುತ್ತದೆ.

ಉಪನ್ಯಾಸದ ನಂತರ ಒಬ್ಬ ಹಿರಿಯರು ಎದ್ದು ನಿಂತು, ಇಷ್ಟೆಲ್ಲ ನಿಜವಾದರೆ ನಮ್ಮ ಬಾಳಿನಲ್ಲಿ ಅದು ಏಕೆ ಕಾಣುವುದಿಲ್ಲ ಎಂದು ಕೇಳಿದರು. ನಾವು ನಿಧಾನವಾಗಿ ಚಲಿಸುವವರು ಎಂಬುದೇ ಕಾರಣ. ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಸುತ್ತುವ ಬಾಹ್ಯಾಕಾಶ ನಿಲ್ದಾಣದಲ್ಲಿ ಆರು ತಿಂಗಳಿದ್ದು ಬಂದವರ ಗಡಿಯಾರವೂ ನಮ್ಮದಕ್ಕಿಂತ ಸುಮಾರು 5 ಮಿಲಿಸೆಕೆಂಡ್ ಮಾತ್ರ ಹಿಂದೆ ಬಿದ್ದಿರುತ್ತದೆ. ಆದರೆ ಕಾಣುವುದಿಲ್ಲ ಎನ್ನುವುದೂ ಪೂರ್ತಿ ಸರಿಯಲ್ಲ. ನಮ್ಮ ಮೊಬೈಲಿಗೆ ದಾರಿ ತೋರಿಸುವ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ವೇಗದಿಂದಾಗಿ ಅವುಗಳ ಗಡಿಯಾರ ದಿನಕ್ಕೆ 7 ಮೈಕ್ರೊಸೆಕೆಂಡ್ ಹಿಂದೆ ಬೀಳುತ್ತದೆ. ಅಲ್ಲಿ ಭೂಮಿಯ ಸೆಳೆತ ಕಡಿಮೆಯಾದ್ದರಿಂದ 45 ಮೈಕ್ರೊಸೆಕೆಂಡ್ ಮುಂದೆ ಓಡುತ್ತದೆ. ಉಳಿಯುವ 38 ಮೈಕ್ರೊಸೆಕೆಂಡನ್ನು ಸರಿಪಡಿಸದೆ ಬಿಟ್ಟರೆ ಒಂದೇ ದಿನದಲ್ಲಿ ಹತ್ತು ಕಿಲೋಮೀಟರಿನಷ್ಟು ತಪ್ಪು ಸೇರಿಕೊಳ್ಳುತ್ತದೆ. ಅವರು ಆ ದಿನ ಸಭಾಂಗಣದ ದಾರಿ ಹುಡುಕಿಕೊಂಡು ಬಂದದ್ದು ಮೊಬೈಲಿನ ನಕ್ಷೆ ನೋಡಿಕೊಂಡೇ ಎಂದು ಆಮೇಲೆ ಹೇಳಿದರು.

ಮೇಜಿನ ಮೇಲೆ ಮೀನಿನ ತೊಟ್ಟಿಯಷ್ಟು ಗಾತ್ರದ ಗಾಜಿನ ಪೆಟ್ಟಿಗೆಯೊಂದನ್ನು ಇಟ್ಟಿದ್ದೆ. ಅದರ ತಳದಲ್ಲಿ ಕಪ್ಪು ಲೋಹದ ತಗಡು, ತಗಡಿನ ಕೆಳಗೆ ಸೊನ್ನೆಗಿಂತ 78 ಡಿಗ್ರಿ ಕೆಳಗಿನ ಒಣ ಮಂಜುಗಡ್ಡೆ, ಮೇಲೆ ಆಲ್ಕೋಹಾಲಿನಲ್ಲಿ ನೆನೆಸಿದ ಬಟ್ಟೆ. ದೀಪ ಆರಿಸಿ ಪಕ್ಕದಿಂದ ಟಾರ್ಚ್ ಹಿಡಿದರೆ, ತಗಡಿಗೆ ಅಂಟಿದಂತಿರುವ ತೆಳುವಾದ ಆವಿಯಲ್ಲಿ ಕಣಗಳು ಹಾದ ದಾರಿ ಬಿಳಿ ಎಳೆಯಂತೆ ಮೂಡಿ, ಎರಡು ಮೂರು ಸೆಕೆಂಡಿನಲ್ಲಿ ಚದುರಿಹೋಗುತ್ತದೆ. ಗಾಳಿಯಲ್ಲಿರುವ ರೇಡಾನ್‌ನಿಂದ ಬರುವ ಆಲ್ಫಾ ಕಣದ ಗೆರೆ ಗಿಡ್ಡ, ದಪ್ಪ. ಎಲೆಕ್ಟ್ರಾನಿನದು ಅಂಕುಡೊಂಕು. ಉದ್ದಕ್ಕೆ, ನೇರವಾಗಿ, ನೂಲೆಳೆಯಷ್ಟು ಸಣ್ಣಗೆ ಬಂದರೆ ಅದು ಬಹುಪಾಲು ಮ್ಯುಯಾನ್. ಹೈಸ್ಕೂಲಿನ ಕೆಲವು ಹುಡುಗಿಯರು ಪೆಟ್ಟಿಗೆಯ ಸುತ್ತ ಮುಖವಿಟ್ಟು ನೇರವಾದ ಗೆರೆಗಳನ್ನು ಮಾತ್ರ ಎಣಿಸಿ ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತಿದ್ದರು. ಅವರಲ್ಲಿ ಒಬ್ಬಳು ತಲೆಯೆತ್ತದೆ, ಈಗ ಹೋದದ್ದು ಯಾವಾಗ ಅಳಿಯುತ್ತದೆ ಎಂದು ಅದಕ್ಕೂ ಗೊತ್ತಿಲ್ಲವೇ ಸರ್ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಇನ್ನೊಂದು ಗೀಟು ಹಾಕಿಕೊಂಡಳು. ಒಣ ಮಂಜುಗಡ್ಡೆ ಮುಗಿಯುವವರೆಗೂ ಅವರು ಅಲ್ಲಿಂದ ಏಳಲಿಲ್ಲ.